ಇಳಿದ ಹೊತ್ತು

ಶ್ರೀನಿವಾಸಪುರದ ನಮ್ಮ ಮನೆಯ ಹಿತ್ತಲ ಬಾಗಿಲು ಆಷಾಢ ಬಂತೆಂದರೆ ಮುನಿಸಿಕೊಂಡುಬಿಡುತ್ತದೆ. ಬೇಸಿಗೆಯಲ್ಲಿ ಕಿರುಬೆರಳಲ್ಲಿ ನೂಕಿದರೆ ತೆರೆದುಕೊಳ್ಳುವ ಬಾಗಿಲು, ನಾಲ್ಕು ದಿನ ಜಡಿಮಳೆ ಹಿಡಿದರೆ ಹೆಗಲು ಕೊಟ್ಟು ತಳ್ಳಿದರೂ ಜಗ್ಗುವುದಿಲ್ಲ. ಬಡಗಿಯನ್ನು ಕರೆಸಿ ಅಂಚು ಕೆತ್ತಿಸೋಣ ಎಂದರೆ ತಾತ ಬಿಡುತ್ತಿರಲಿಲ್ಲ. "ಕಡ್ದು ಎಷ್ಟು ವರ್ಷ ಆದ್ರೂ ಮರ ನೀರು ಕುಡೀತೈತೆ ಕಣೋ. ಈಗ ಕೆತ್ತಿಸಿದ್ರೆ ಬೇಸಿಗೇಲಿ ಸಂದಿ ಬೀಳ್ತೈತೆ. ಬುಡು, ಅದೇ ಸರಿಹೋಯ್ತದೆ" ಎನ್ನುತ್ತಿದ್ದರು. ಮರದ ಮಾತು ಬಂದರೆ ತಾತ ಬಾಗಿಲ ಹತ್ತಿರ ನಿಲ್ಲುತ್ತಿರಲಿಲ್ಲ, ಸೀದಾ ಆಕಾಶಕ್ಕೆ ಹೋಗಿಬಿಡುತ್ತಿದ್ದರು. "ನಾನು ಹುಡುಗ ಆಗಿದ್ದಾಗ ಕೋಲಾರದಾಗೆ ಮರದ ಏರೋಪ್ಲೇನು ಇದ್ವು. ಬಡಿದ್ರೆ ಬಾಗ್ಲು ಬಡಿದಂಗೆ ಸದ್ದು ಬರ್ತಿತ್ತಂತೆ. ನಮ್ಮೂರ ಬಡಗಿ ಅಲ್ಲಿ ಕೂಲಿಗೆ ಹೋಗ್ತಿದ್ದ, ಅವನೇ ಹೇಳಿದ್ದು."

ಮರದ ವಿಮಾನ! ಚಿಕ್ಕವನಾಗಿದ್ದಾಗ ನಾನು ಇದನ್ನು ಪುಷ್ಪಕವಿಮಾನದ ಸಾಲಿನಲ್ಲಿ ಇಟ್ಟಿದ್ದೆ. ತಾತ ಹೋದ ಎಷ್ಟೋ ವರ್ಷಗಳ ಮೇಲೆ, ಯುದ್ಧಕಾಲದ ದಾಖಲೆಗಳನ್ನು ತಿರುವುತ್ತಿದ್ದಾಗ ಕೋಲಾರ ಎಂಬ ಹೆಸರು ಕಣ್ಣಿಗೆ ಬಿತ್ತು. ಬ್ರಿಟಿಷ್ ರಾಯಲ್ ಏರ್‌ಫೋರ್ಸಿನ 82ನೇ ಸ್ಕ್ವಾಡ್ರನ್ 1944ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನಮ್ಮ ಕೋಲಾರದಲ್ಲಿತ್ತು. ಬರ್ಮಾ ಗಡಿಯಲ್ಲಿ ವೆಂಜನ್ಸ್ ಎಂಬ ಬಾಂಬರ್‌ಗಳನ್ನು ಹಾರಿಸಿ ದಣಿದು ಬಂದವರಿಗೆ ಇಲ್ಲಿ ಹೊಸ ವಿಮಾನ ಕೊಟ್ಟು ಕಲಿಸಿದರು. ಆ ಹೊಸ ವಿಮಾನದ ಹೆಸರು ಮಸ್ಕಿಟೋ. ಅದು ನಿಜವಾಗಿಯೂ ಮರದ್ದೇ. ಆ ದಿನ ಆ ಪುಟದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ತಾತನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲು ಅವರಿರಲಿಲ್ಲ.

ಮಸ್ಕಿಟೋ ಕಟ್ಟುವ ರೀತಿ ನಮ್ಮ ಕಡೆಯವರಿಗೆ ಹೇಳಿದರೆ ಸಲೀಸಾಗಿ ಅರ್ಥವಾಗುತ್ತದೆ. ಕಡಲೆಕಾಯಿ ಬಿಡಿಸಿದ್ದೀರಲ್ಲ, ಸಿಪ್ಪೆ ಉದ್ದುದ್ದಕ್ಕೆ ಎರಡು ಹೋಳಾಗುತ್ತದೆ. ಹಾಗೆಯೇ ಆ ವಿಮಾನದ ಒಡಲನ್ನು ಎರಡು ಹೋಳಾಗಿ ಅಚ್ಚಿನ ಮೇಲೆ ಬಾಗಿಸಿ ಮಾಡಿ, ಒಳಗಿನ ತಂತಿ, ಕೊಳವೆಗಳನ್ನೆಲ್ಲ ಕೂರಿಸಿ, ಆಮೇಲೆ ಎರಡನ್ನೂ ಜೋಡಿಸಿ ಅಂಟಿಸುತ್ತಿದ್ದರು. ಹೊರಗೂ ಒಳಗೂ ಬರ್ಚ್ ಮರದ ತೆಳು ಪ್ಲೈವುಡ್, ನಡುವೆ ಈಕ್ವೆಡಾರ್‌ನಿಂದ ತಂದ ಹಗುರ ಬಾಲ್ಸಾ ಮರ. ಯುದ್ಧದಲ್ಲಿ ಅಲ್ಯೂಮಿನಿಯಂಗೆ ಬರ ಬಂದಿತ್ತು, ಕೈಕಸುಬಿನ ಬಡಗಿಗಳು ಇದ್ದರು. ಮೇಜು ಕುರ್ಚಿ ಮಾಡುತ್ತಿದ್ದ ಕಾರ್ಖಾನೆಗಳೂ ವಿಮಾನದ ಭಾಗ ಮಾಡಿದವು. ಮೊದಮೊದಲು ಅಂಟಿಸಲು ಬಳಸಿದ್ದು ಕೇಸೀನ್, ಅಂದರೆ ಹಾಲಿನಿಂದ ತೆಗೆದ ಅಂಟು. ಹಾಲು ಮಾರಿ ಮಕ್ಕಳನ್ನು ಓದಿಸಿದ ಜಿಲ್ಲೆ ನಮ್ಮದು. ಒಂದು ಕಾಲಕ್ಕೆ ಹಾಲಿನ ಅಂಟಿನಿಂದ ನಿಲ್ಲುತ್ತಿದ್ದ ಜಾತಿಯ ವಿಮಾನ ಇಲ್ಲಿ ಹಾರಿತು ಅಂದರೆ ನನಗೆ ಅದರ ಮೇಲೆ ಏನೋ ಬಳಗದ ಪ್ರೀತಿ.

ಆದರೆ ಆ ಮಳೆಗಾಲ ಕಳೆದ ಮೇಲೆ ಕೆಟ್ಟ ಸುದ್ದಿಗಳು ಬಂದವು. ಭಾರತದಲ್ಲಿ ಹಾರುತ್ತಿದ್ದ ಮಸ್ಕಿಟೋಗಳು ಆಕಾಶದಲ್ಲೇ ಮುರಿದು ಬೀಳತೊಡಗಿದವು. 1944ರ ನವೆಂಬರ್‌ನಲ್ಲಿ ಹಾರಾಟ ನಿಲ್ಲಿಸಿ ಒಂದೊಂದನ್ನೂ ತಪಾಸಣೆ ಮಾಡಿಸಿದರು. ಎಲ್ಲರೂ ಮೊದಲು ಬೊಟ್ಟು ಮಾಡಿದ್ದು ನಮ್ಮ ಬಿಸಿಲು ಮಳೆಯ ಕಡೆಗೆ. ಈ ದೇಶದ ಸೆಕೆಗೆ ಅಂಟು ಬಿಟ್ಟುಕೊಂಡಿದೆ ಅಂದರು. ಮಸ್ಕಿಟೋ ತಯಾರಿಸಿದ ಕಂಪನಿಯ ಹೆರ್ವರ್ಡ್ ಡಿ ಹ್ಯಾವಿಲೆಂಡ್ ನೇತೃತ್ವದ ತಂಡ ಬಂದು ನೋಡಿ, ಅಂಟಿನದಲ್ಲ, ಮುಂಗಾರಿನಲ್ಲಿ ಮರದ ಮೈ ಕುಗ್ಗಿದ್ದೇ ಕಾರಣ ಎಂದು ವರದಿ ಬರೆಯಿತು. ಅದಾದ ಮೇಲೆ ನಡೆದ ಇನ್ನೊಂದು ವಿಚಾರಣೆ ಬೇರೆಯದನ್ನೇ ಹೇಳಿತು: ತಪ್ಪು ಇದ್ದದ್ದು ಕಟ್ಟಿದ ಕಾರ್ಖಾನೆಯಲ್ಲಿ, ಜೋಡಣೆಯಲ್ಲಿ. ಇಂಗ್ಲೆಂಡಿನ ಡೆಫರ್ಡ್‌ನಲ್ಲಿ ಪರೀಕ್ಷಿಸಿದಾಗ, ಮುಂಗಾರಿನ ಒಂದು ಹನಿಯೂ ಕಾಣದ ವಿಮಾನಗಳಲ್ಲೂ ಅಂಥದೇ ದೋಷಗಳು ಸಿಕ್ಕವು. ನಮ್ಮ ಮಳೆಯ ಮೇಲೆ ಬಂದಿದ್ದ ಅಪವಾದ ಹೀಗೆ ಕಳೆಯಿತು. ಬಾಗಿಲು ಬಿಗಿಯಾದಾಗಲೆಲ್ಲ ಮಳೆಯನ್ನು ಬೈಯುವ ನಾನು ಇದನ್ನು ಓದಿದ ಮೇಲೆ ಬೈಯುವುದನ್ನು ಬಿಟ್ಟೆ. ಬಿದ್ದ ವಿಮಾನದ ಬಗ್ಗೆ ಮೊದಲು ಬಂದ ಮಾತನ್ನು ನಂಬಬಾರದು ಎಂಬುದನ್ನೂ ಇಲ್ಲೇ ಕಲಿತೆ.

ಕೋಲಾರದಲ್ಲಿದ್ದವು ಬಾಂಬು ಹೊರುವ ಮಸ್ಕಿಟೋ. ಅವುಗಳ ಒಡಹುಟ್ಟಿದವು ಕ್ಯಾಮೆರಾ ಹೊತ್ತು ಕಲ್ಕತ್ತೆಯ ಕಡೆಯಿಂದ ಹಾರುತ್ತಿದ್ದವು. ನನ್ನ ಮನಸ್ಸು ಹಿಡಿದದ್ದು ಈ ಕ್ಯಾಮೆರಾದವು. 1943ರ ಜನವರಿಯಲ್ಲಿ ಡಮ್ ಡಮ್‌ನಲ್ಲಿ 681ನೇ ಸ್ಕ್ವಾಡ್ರನ್, ಸೆಪ್ಟೆಂಬರ್‌ನಲ್ಲಿ 684ನೇ ಸ್ಕ್ವಾಡ್ರನ್ ಕಟ್ಟಿದರು. ಒಂದರಲ್ಲಿ ಸ್ಪಿಟ್‌ಫೈರ್, ಇನ್ನೊಂದರಲ್ಲಿ ಮಸ್ಕಿಟೋ. ಬಂಗಾಳ ಕೊಲ್ಲಿ ದಾಟಿ, ರಂಗೂನಿನ ಹಡಗುಕಟ್ಟೆ, ಬರ್ಮಾದ ರೈಲುಸೇತುವೆ, ಅಂಡಮಾನಿನ ಬಂದರುಗಳ ಚಿತ್ರ ತೆಗೆದು ತರುವುದು ಇವರ ಕೆಲಸ. ಹೆಚ್ಚು ದೂರ ಹಾರಬೇಕೆಂದು ಸ್ಪಿಟ್‌ಫೈರಿನ ಬಂದೂಕುಗಳನ್ನು ಕಿತ್ತು, ರೆಕ್ಕೆಯ ಮುಂದಂಚಿನಲ್ಲಿ ಪೆಟ್ರೋಲ್ ತುಂಬಿಸಿದರು. ಮೈಗೆ ಆಕಾಶದ ನೀಲಿ ಬಣ್ಣ. ಮೂವತ್ತು ಸಾವಿರ ಅಡಿ ಮೇಲೆ, ಒಬ್ಬನೇ. ಕೈಯಲ್ಲಿ ಆಯುಧವಿಲ್ಲ. ರೇಡಿಯೋದಲ್ಲಿ ಮಾತಾಡುವಂತಿಲ್ಲ, ಮಾತಾಡಿದರೆ ಶತ್ರುವಿಗೆ ಗುರುತು ಸಿಗುತ್ತದೆ. ಯುದ್ಧಕ್ಕೆ ಹೋಗಿಯೂ ಗುಂಡು ಹಾರಿಸದೆ, ನೋಡಿಕೊಂಡು ಬರುವುದಷ್ಟೇ ಅವನ ಪಾಲಿನದು.

ಆ ನೋಟ ಎಂಥದೆಂದು ಒಂದು ಸಲ ಕಣ್ಣಾರೆ ಕಂಡೆ. ಪರಿಚಯದ ಸರ್ವೇಯರ್ ಒಬ್ಬರ ಮನೆಯಲ್ಲಿ ಸ್ಟೀರಿಯೋಸ್ಕೋಪ್ ಇತ್ತು. ಎರಡು ಮಸೂರಗಳ, ನಾಲ್ಕು ಕಾಲಿನ ಪುಟ್ಟ ಪೀಠ. ಒಂದಕ್ಕೊಂದು ಅರ್ಧಕ್ಕಿಂತ ಹೆಚ್ಚು ಹೊದ್ದುಕೊಂಡಂತೆ ಮೇಲಿನಿಂದ ತೆಗೆದ ಎರಡು ಚಿತ್ರಗಳನ್ನು ಅದರ ಕೆಳಗೆ ಜೋಡಿಸಿಟ್ಟು ನೋಡಬೇಕು. ಮೊದಲು ಎರಡೆರಡಾಗಿ ಕಂಡಿತು, ಕಣ್ಣು ನೀರಾಡಿತು. ಅವರು ಒಂದು ಚಿತ್ರವನ್ನು ಗೋಧಿಕಾಳಿನಷ್ಟು ಸರಿಸಿದರು. ತಕ್ಷಣ ಚಪ್ಪಟೆ ಕಾಗದದಿಂದ ಬೆಟ್ಟ ಎದ್ದು ನಿಂತಿತು! ಕೆರೆಯ ಏರಿ ಗೋಡೆಯಾಯಿತು, ತೋಪಿನ ಒಂದೊಂದು ಮರವೂ ಮೊಣಕಾಲುದ್ದ ಮೇಲೆದ್ದಿತು. ಬೆರಳಿಟ್ಟರೆ ಚುಚ್ಚುತ್ತದೇನೋ ಅನ್ನಿಸಿತು. ಯುದ್ಧದಲ್ಲಿ ಇಂಗ್ಲೆಂಡಿನ ಮೆಡ್ಮನ್‌ಹ್ಯಾಂನಲ್ಲಿ ಕೂತವರು ಇಂಥ ಪೀಠದ ಮೇಲೆ ಬಗ್ಗಿಯೇ, ನೆರಳಿನ ಉದ್ದ ಅಳೆದು ಗೋಪುರದ ಎತ್ತರ ಹೇಳುತ್ತಿದ್ದರು. ಕಾನ್ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಹೆಣ್ಣುಮಗಳು ಜರ್ಮನಿಯ ಪೀನೆಮುಂಡೆಯ ಚಿತ್ರದಲ್ಲಿ ಒಂದು ಚುಕ್ಕೆಯಷ್ಟಿದ್ದ ಹಾರುಬಾಂಬನ್ನು ಗುರುತಿಸಿದಳು. ಅಂಥ ಎಷ್ಟೋ ಚಿತ್ರಗಳಿಗೆ ಯಾರೋ ಒಬ್ಬ ಮರಳಿ ಬಾರದೆ ಬೆಲೆ ತೆತ್ತಿದ್ದಾನೆ.

ಮರಳಿ ಬಾರದವನನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಕೈಹಾಕಿದ ಮೇಲೆ ತಿಳಿಯುತ್ತದೆ. ಬಾಂಬರ್‌ಗಳಾದರೆ ಗುಂಪಾಗಿ ಹೋಗುತ್ತವೆ. ಒಂದು ಬಿದ್ದರೆ ಪಕ್ಕದವನು ನೋಡಿರುತ್ತಾನೆ, ಹೊಗೆ ಎಲ್ಲಿ ಎದ್ದಿತು, ಎಷ್ಟು ಪ್ಯಾರಾಚೂಟ್ ಬಿಚ್ಚಿಕೊಂಡವು ಎಂದು ಹೇಳುತ್ತಾನೆ. ಕ್ಯಾಮೆರಾದವನನ್ನು ಕಂಡವರೇ ಇಲ್ಲ. ಶತ್ರು ಹೊಡೆದನೋ, ಅಷ್ಟು ಎತ್ತರದಲ್ಲಿ ಆಮ್ಲಜನಕದ ಕೊಳವೆ ಕೈಕೊಟ್ಟು ನಿದ್ದೆಗೆ ಜಾರಿದಂತೆ ಜಾರಿದನೋ, ಮುಂಗಾರಿನ ಗುಡುಗು ಮೋಡ ಹಿಂಡಿಹಾಕಿತೋ, ಇಂಜಿನ್ ನಿಂತು ಕೊಲ್ಲಿಗೆ ಬಿದ್ದನೋ ಹೇಳುವವರಿಲ್ಲ.

ಉಳಿಯುವುದು ಒಂದು ಸಾಲು. ರಾಯಲ್ ಏರ್‌ಫೋರ್ಸಿನ ಒಂದೊಂದು ಸ್ಕ್ವಾಡ್ರನ್ನೂ ದಿನಚರಿ ಬರೆಯುತ್ತಿತ್ತು. ದಿನದ ಸಂಗತಿಗೆ ಫಾರ್ಮ್ 540, ಹಾರಾಟಕ್ಕೆ ಫಾರ್ಮ್ 541. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅವು ಇವೆ, ಈಗ ಮನೆಯಲ್ಲೇ ಕೂತು ತರಿಸಿಕೊಂಡು ಓದಬಹುದು. ಫಾರ್ಮ್ 541ರಲ್ಲಿ ತಾರೀಖು, ವಿಮಾನದ ನಂಬರು, ಹೆಸರು, ಕೆಲಸ, ಏರಿದ ಹೊತ್ತು, ಇಳಿದ ಹೊತ್ತು, ವಿವರ ಎಂದು ಮನೆಗಳಿರುತ್ತವೆ. ಟೈಪ್ ಮಾಡಿದ ಮಸುಕು ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಬರುತ್ತೇನೆ. ಏರಿದ್ದು, ಇಳಿದದ್ದು. ಏರಿದ್ದು, ಇಳಿದದ್ದು. ಒಂದು ಕಡೆ ಏರಿದ ಹೊತ್ತಿದೆ, ಅದರ ಪಕ್ಕದ ಮನೆ ಖಾಲಿ. ಗುಮಾಸ್ತ ಅಲ್ಲಿ ಏನು ತಾನೇ ಬರೆದಾನು? ಕೆಳಗಿನ ಸಾಲಿಗೆ ಹೋಗಿದ್ದಾನೆ. ನಾನು ಹೋಗಲಾರದೆ ನಿಲ್ಲುತ್ತೇನೆ.

ಹೊತ್ತಿನ ವಿಷಯದಲ್ಲಿ ಇನ್ನೊಂದು ಪೇಚು ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಗ್ರೀನಿಚ್ಚಿಗಿಂತ ಐದೂವರೆ ಅಲ್ಲ, ಆರೂವರೆ ಗಂಟೆ ಮುಂದೆ. ಕಾಗದದಲ್ಲಿ ಹನ್ನೊಂದು ಗಂಟೆ ಎಂದಿದ್ದರೆ ನೆತ್ತಿಯ ಸೂರ್ಯನ ಲೆಕ್ಕದಲ್ಲಿ ಅದು ಹತ್ತರ ಆಸುಪಾಸು. ಹಳ್ಳಿಯವರಿಗೆ ಆ ಗಡಿಯಾರವೂ ಇಲ್ಲ, ಈ ಗಡಿಯಾರವೂ ಇಲ್ಲ. ಮುಳಬಾಗಿಲಿನ ಕಡೆಯ ಹಿರಿಯರೊಬ್ಬರನ್ನು "ವಿಮಾನ ಯಾವ ಹೊತ್ತಲ್ಲಿ ಹೋಗ್ತಿದ್ವು?" ಎಂದು ಕೇಳಿದೆ. "ದನ ಹೊಡ್ಕೊಂಡು ಹೋಗಿ, ಬುತ್ತಿ ಬಿಚ್ಚೋಕ್ ಮುಂಚೆ" ಎಂದರು. ವರ್ಷ ಕೇಳಿದರೆ ಕೆರೆ ಕೋಡಿ ಬಿದ್ದ ವರ್ಷ ಎಂದು ಹೇಳಿದರು. ಹುಡುಕುವವನು ಬುತ್ತಿ ಹೊತ್ತನ್ನು ಗಂಟೆಗೆ, ಕೋಡಿ ಬಿದ್ದದ್ದನ್ನು ಇಸವಿಗೆ ಹೊಂದಿಸಿಕೊಳ್ಳಬೇಕು. ಅದರಲ್ಲಿ ನನಗೆ ಬೇಸರವಿಲ್ಲ. ಸಹಿ ಮೊಹರು ಇರುವ ಕಾಗದಕ್ಕಿಂತ ಬುತ್ತಿ ಬಿಚ್ಚಿದ ಹೊತ್ತು ನೆನಪಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಕಾಗದವೊಂದೇ ಎಲ್ಲವನ್ನೂ ಹೇಳುವುದಿಲ್ಲ ಎನ್ನಲು ಆಧಾರವಿದೆ. ಪುಟ್ಟ ರಾಜಕುಮಾರನ ಕತೆ ಬರೆದ ಫ್ರಾನ್ಸಿನ ಆಂತ್ವಾನ್ ಡಿ ಸೇಂತ್ ಎಕ್ಸೂಪೆರಿಯನ್ನೇ ನೋಡಿ. 1944ರ ಜುಲೈ 31ರಂದು ಕಾರ್ಸಿಕಾ ದ್ವೀಪದಿಂದ ಕ್ಯಾಮೆರಾ ಹೊತ್ತ ಲೈಟ್ನಿಂಗ್ ವಿಮಾನದಲ್ಲಿ ಹೊರಟವರು ಬರಲಿಲ್ಲ. ಆಗ ಅವರಿಗೆ 44 ವರ್ಷ. ಜಗತ್ತೇ ಓದಿದ ಲೇಖಕ, ಕಾಗದಪತ್ರಗಳಿಗೆ ಕೊರತೆಯಿಲ್ಲ, ಊಹೆಗಳಿಗಂತೂ ಲೆಕ್ಕವಿಲ್ಲ. 54 ವರ್ಷ ಯಾರಿಗೂ ಏನೂ ಸಿಗಲಿಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಮಾರ್ಸೇಯ ಹತ್ತಿರ ಒಬ್ಬ ಬೆಸ್ತ, ಜಾನ್ ಕ್ಲೋದ್ ಬಿಯಾಂಕೊ, ಬಲೆ ಎಳೆದಾಗ ಮೀನಿನ ಜೊತೆ ಕರಿಗಟ್ಟಿದ ಬೆಳ್ಳಿಯ ಕೈಸರಪಳಿ ಬಂತು. ಉಜ್ಜಿ ನೋಡಿದರೆ ಲೇಖಕನ ಹೆಸರು, ಹೆಂಡತಿ ಕಾನ್ಸುಎಲೋಳ ಹೆಸರು, ನ್ಯೂಯಾರ್ಕಿನ ಪ್ರಕಾಶಕರ ವಿಳಾಸ. ಎರಡು ವರ್ಷದ ಮೇಲೆ ಲ್ಯೂಕ್ ವಾನ್ರೆಲ್ ಎಂಬ ಮುಳುಗುಗಾರ ಸಮುದ್ರದ ತಳದಲ್ಲಿ ವಿಮಾನದ ಅವಶೇಷ ಕಂಡ. 2003ರಲ್ಲಿ ಎತ್ತಿದರು, ಲೋಹದ ಮೇಲೆ ಕಾರ್ಖಾನೆಯವರು ಒತ್ತಿದ್ದ 2734 ಎಂಬ ಅಂಕಿಯಿಂದ 2004ರಲ್ಲಿ ಅದೇ ವಿಮಾನ ಎಂದು ಖಾತ್ರಿಯಾಯಿತು. ಹೇಗೆ ಬಿತ್ತು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಎಲ್ಲಿ ಎಂಬುದನ್ನು ಹೇಳಿದ್ದು ಮೀನಿನ ಬಲೆ.

ಬ್ರಿಟನ್ನಿನ ಏಡ್ರಿಯನ್ ವಾರ್ಬರ್ಟನ್ ಕೂಡ ಅದೇ ವರ್ಷ ಏಪ್ರಿಲ್ 12ರಂದು ಅಂಥದೇ ವಿಮಾನದಲ್ಲಿ ಹೋಗಿ ಕಾಣೆಯಾದವರು. 2002ರಲ್ಲಿ ಬವೇರಿಯಾದ ಒಂದು ಹೊಲವನ್ನು ಅಗೆದಾಗ ಅವಶೇಷ ಸಿಕ್ಕಿತು, ಮರುವರ್ಷ ಮಣ್ಣು ಮಾಡಿದರು. ಸ್ಯಾಂಡಿ ಗನ್ ಎಂಬ ಹುಡುಗನ ಸ್ಪಿಟ್‌ಫೈರ್ ಎಎ 810, 1942ರ ಮಾರ್ಚ್ 5ರಂದು ನಾರ್ವೆಯ ಬೆಟ್ಟದಲ್ಲಿ ಬಿದ್ದದ್ದು, 2018ರಲ್ಲಿ ಹೊರಬಂತು. ಅವನು ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ್ದ, ಸೆರೆಯಾಗಿ, ಸುರಂಗ ಕೊರೆದು ತಪ್ಪಿಸಿಕೊಂಡವರ ಜೊತೆ ಹೊರಬಂದು, ಮತ್ತೆ ಸಿಕ್ಕಿಬಿದ್ದು, 1944ರಲ್ಲಿ ಗೆಸ್ಟಾಪೊ ಗುಂಡಿಗೆ ಬಲಿಯಾದ. ಅವನ ವಿಮಾನವನ್ನು ಈಗ ಮತ್ತೆ ಹಾರುವಂತೆ ಕಟ್ಟುತ್ತಿದ್ದಾರೆ.

ದೂರದವರ ಮಾತು ಇಷ್ಟು ಸಾಕು. ನಮ್ಮವರೇ ಒಬ್ಬರಿದ್ದಾರೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಅವರದು ಕ್ಯಾಮೆರಾ ಹೊತ್ತ ವಿಮಾನವಲ್ಲ, ಆದರೆ ಕಾಣೆಯಾದವರನ್ನು ಹುಡುಕುವುದು ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅವರ ಕತೆಯನ್ನೇ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ವಿಂಗ್ ಕಮಾಂಡರ್ ತನೇಜಾ ಮುಂದಾಳು. ದೇವಯ್ಯ ಮೀಸಲಾಗಿದ್ದವರು, ಆದರೂ ತಂಡವನ್ನು ಸೇರಿಕೊಂಡರು. ದಾಳಿ ಮುಗಿಯಿತು, ವಿಮಾನಗಳು ಮರಳಿದವು, ದೇವಯ್ಯನವರದು ಬರಲಿಲ್ಲ. ಏನಾಯಿತೆಂದು ಕಂಡವರಿಲ್ಲ. ಕಾಣೆಯಾದವರು ಎಂದು ಬರೆದುಕೊಂಡರು. ಮತ್ತೆ ಅದೇ ಖಾಲಿ ಮನೆ.

ಹದಿನಾಲ್ಕು ವರ್ಷ ಕಳೆದು, 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರ ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದರು. ಅದರಲ್ಲಿ ಆ ದಿನ ಒಂದು ಸ್ಟಾರ್‌ಫೈಟರ್ ಮಿಸ್ಟೀರ್ ವಿಮಾನದ ಏಟಿಗೆ ಸಿಕ್ಕಿ ಬಿದ್ದಿತೆಂದೂ ಅದರ ಪೈಲಟ್ ಅಮ್ಜದ್ ಹುಸೇನ್ ಹಾರಿಕೊಂಡು ಬದುಕಿದರೆಂದೂ ಇತ್ತು. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೀರ್ ಅದರ ಮುಂದೆ ಎತ್ತಿನಗಾಡಿ. ಆ ದಿನ ಅದನ್ನು ಹೊಡೆದೆನೆಂದು ನಮ್ಮ ಕಡೆ ಯಾರೂ ಹೇಳಿರಲಿಲ್ಲ. ಹೊಡೆದವರು ಹೇಳಲು ಮರಳಿರಲೇ ಇಲ್ಲ! ಶತ್ರುವಿನ ಪುಸ್ತಕದ ಸಾಲನ್ನೂ ನಮ್ಮ ದಾಖಲೆಯ ಖಾಲಿ ಮನೆಯನ್ನೂ ಪಕ್ಕಪಕ್ಕ ಇಟ್ಟಾಗ ಆ ಬೆಳಗ್ಗೆ ನಡೆದದ್ದು ಎದ್ದು ನಿಂತಿತು, ಸ್ಟೀರಿಯೋಸ್ಕೋಪಿನ ಕೆಳಗಿನ ಎರಡು ಚಿತ್ರಗಳ ಹಾಗೆ. ಏಟು ತಿಂದ ವಿಮಾನದಲ್ಲೇ ತಿರುಗಿ ನಿಂತು ದೇವಯ್ಯ ಹೋರಾಡಿದ್ದರು. ಬಿದ್ದ ಜಾಗದ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದ್ದರೆಂಬುದೂ ತಿಳಿದುಬಂತು. 1988ರಲ್ಲಿ ಮಹಾವೀರ ಚಕ್ರ ಬಂತು, ಅವರ ಪತ್ನಿ ಸ್ವೀಕರಿಸಿದರು. 23 ವರ್ಷ! ಆ ಮನೆಯಲ್ಲಿ ಅಷ್ಟು ವರ್ಷ ಬಾಗಿಲು ಸದ್ದಾದಾಗಲೆಲ್ಲ ಏನನ್ನಿಸುತ್ತಿತ್ತೋ. ಮಡಿಕೇರಿಯಲ್ಲಿ ಈಗ ಅವರ ಪ್ರತಿಮೆ ಇದೆ. ಆ ಕಡೆ ಹೋದಾಗಲೆಲ್ಲ ಐದು ನಿಮಿಷ ನಿಂತು ಬರುತ್ತೇನೆ.

ಯಾರೂ ಹುಡುಕಿಕೊಂಡು ಬಾರದವರೂ ಇದ್ದಾರೆ. ಮದರಾಸಿನ ನಂದಂಬಾಕ್ಕಂನಲ್ಲಿರುವ ಯುದ್ಧಸ್ಮಶಾನಕ್ಕೆ ಒಮ್ಮೆ ಹೋಗಿದ್ದೆ. ದಕ್ಷಿಣ ಮತ್ತು ಪೂರ್ವ ಭಾರತದ ಊರೂರುಗಳ ಸ್ಮಶಾನದಲ್ಲಿ ಚದುರಿದ್ದ ಎರಡನೇ ಮಹಾಯುದ್ಧದ ಸಮಾಧಿಗಳನ್ನು 1952ರಲ್ಲಿ ಒಂದೆಡೆ ತಂದು ಮಾಡಿದ ಜಾಗ. ಎಂಟುನೂರೈವತ್ತಕ್ಕೂ ಹೆಚ್ಚು ಕಲ್ಲುಗಳು, ಕತ್ತರಿಸಿದ ಹುಲ್ಲು, ಸಾಲುಸಾಲು ಹೂಗಿಡ. ವಾಯುಪಡೆಯವರ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಗುರುತು. ವಯಸ್ಸು ಓದುತ್ತ ನಡೆದೆ: 21, 23, 20. ನಮ್ಮ ಮನೆಯ ಹುಡುಗರು ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸು. ಕಲ್ಲಾದರೂ ದಕ್ಕಿದವರು ಇವರು. ಮೈ ಸಿಗದವರ ಹೆಸರು ಸಿಂಗಪುರದ ಕ್ರಾಂಜಿಯಲ್ಲಿ ಗೋಡೆಯ ಮೇಲಿದೆ, ಇಪ್ಪತ್ನಾಲ್ಕು ಸಾವಿರಕ್ಕೂ ಹೆಚ್ಚು. ಕಲ್ಕತ್ತೆಯಿಂದ ಕ್ಯಾಮೆರಾ ಹೊತ್ತು ಹೋಗಿ ಬಾರದವರೂ ಅದರಲ್ಲಿದ್ದಾರೆ.

ಅದಕ್ಕೇ ನಾನು ನಮ್ಮ ಸೀಮೆಯ ಹಿರಿಯರ ಬೆನ್ನು ಬಿದ್ದಿದ್ದೇನೆ. ಆ ವಿಮಾನಗಳನ್ನು ಕಣ್ಣಾರೆ ಕಂಡವರಿಗೆ ಈಗ ತೊಂಬತ್ತು ದಾಟಿದೆ. ಮಾಲೂರಿನಲ್ಲಿ ಹೆಂಚಿನ ಭಟ್ಟಿಯ ಪಕ್ಕ ಬೆಳೆದ ಅಜ್ಜಿಯೊಬ್ಬರು ವಿಮಾನ ಬಂದರೆ ತಾಯಿ ಒಣಹಾಕಿದ ರಾಗಿ ಬಿಟ್ಟು ಒಳಗೋಡುತ್ತಿದ್ದರೆಂದು ಹೇಳಿದರು. ಮುಳಬಾಗಿಲಿನವರು ಬುತ್ತಿ ಹೊತ್ತು ಹೇಳಿದರು. ಇನ್ನು ಮೂವರು, ನಾನು ಹೋಗುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅದರಲ್ಲಿ ಒಬ್ಬರ ತಿಥಿ ನಡೆಯುತ್ತಿತ್ತು, ಊಟ ಮಾಡಿಸಿಯೇ ಕಳಿಸಿದರು.

ತಾತನ ಮಾತಿಗೆ ಮರಳುತ್ತೇನೆ. ಅವರು ಹುಟ್ಟಿದ ಹಳ್ಳಿ ಕೋಲಾರಕ್ಕೆ ಹತ್ತಿರ, ಶ್ರೀನಿವಾಸಪುರಕ್ಕೆ ಬಂದದ್ದು ಆಮೇಲೆ, ಮಾವಿನ ತೋಪು ನೋಡಿಕೊಳ್ಳಲು. ದನ ಕಾಯುವ ಹುಡುಗರದೊಂದು ಆಟವಿತ್ತಂತೆ. ಬೆಳಗ್ಗೆ ವಿಮಾನ ಏರುವಾಗ ಒಂದೊಂದಕ್ಕೆ ಒಂದೊಂದು ಹುಣಸೆಬೀಜ ಬಂಡೆಯ ಮೇಲಿಡುವುದು. ಮರಳಿ ಬಂದಾಗ ಒಂದೊಂದೇ ತೆಗೆದು ಜೇಬಿಗೆ ಹಾಕಿಕೊಳ್ಳುವುದು. ಕೆಲವು ದಿನ ದನ ಅಟ್ಟಿಕೊಂಡು ಹೊರಡುವ ಹೊತ್ತಾದರೂ ಒಂದು ಬೀಜ ಬಂಡೆಯ ಮೇಲೇ ಉಳಿಯುತ್ತಿತ್ತು. ಅದು ಯಲಹಂಕದಲ್ಲಿ ಇಳಿದಿರಬಹುದು, ಇವರು ಎಣಿಸುವುದರಲ್ಲಿ ತಪ್ಪಿರಬಹುದು.

"ಆಮೇಲೆ ಆ ಬೀಜ ಏನ್ ಮಾಡ್ತಿದ್ರಿ ತಾತ?" ಎಂದು ಕೇಳಿದ್ದೆ. ಮಿಕ್ಕವು ಚೌಕಾಬಾರ ಆಟಕ್ಕಾಗುತ್ತಿದ್ದವು ಎಂದು ಗೊತ್ತಿತ್ತು.

"ಅದನ್ನ ಆಟಕ್ ಹಾಕ್ತಿರ್ಲಿಲ್ಲ" ಎಂದರು. "ಬಂಡೆ ಸಂದೀಲಿ ಇಟ್ಟು, ಮೇಲೊಂದು ಕಲ್ಲು ಮುಚ್ಚಿ ಬರ್ತಿದ್ವಿ. ಬೆಳಗ್ಗೆ ಹೋಗಿ ಮೊದ್ಲು ಅದನ್ನೇ ನೋಡ್ತಿದ್ವಿ."